5ಡಬ್ಲ್ಯೂ-30 ಎಂದರೆ ಏನು, ಎಂಎ2 ಎಂದರೆ ಏನು?

ಇಂಜಿನ್ ಆಯಿಲನ್ನು ಬೆರಳ ತುದಿಯಲ್ಲಿ ಉಜ್ಜಿ ನೋಡಿ ‘ಮಂದವಾಗಿದೆ, ಒಳ್ಳೆ ಮಾಲು’ ಎನ್ನುವವರಿದ್ದಾರೆ. ಆ ಪರೀಕ್ಷೆಯಿಂದ ಏನೂ ತಿಳಿಯುವುದಿಲ್ಲ. ಇಂಜಿನ್‌ನೊಳಗೆ ಆಯಿಲ್ ದುಡಿಯುವುದು 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ. 40 ಡಿಗ್ರಿಯಲ್ಲಿ ಇದ್ದ ಮಂದತನದಲ್ಲಿ ಅಲ್ಲಿಗೆ ಹೋಗುವಷ್ಟರಲ್ಲಿ ಉಳಿಯುವುದು ಹೆಚ್ಚುಕಡಿಮೆ ಆರರಲ್ಲಿ ಒಂದು ಪಾಲು.

ಪಿಸ್ಟನ್‌ಗಳು ತಿರುಗಿಸುವ ದಂಡ ಕ್ರ್ಯಾಂಕ್‌ಶಾಫ್ಟ್ ಮತ್ತು ಅದರ ಬೇರಿಂಗ್ ನಡುವಿನ ಸಂದಿನಲ್ಲಿ ತಲೆಗೂದಲು ತೂರುವುದೂ ಕಷ್ಟ. ತಿರುಗುವ ಶಾಫ್ಟ್ ಆಯಿಲನ್ನು ಆ ಸಂದಿಗೆ ಎಳೆದುಕೊಂಡು ಅದರ ಪದರದ ಮೇಲೆ ತೇಲುತ್ತದೆ. ಲೋಹಕ್ಕೆ ಲೋಹ ತಾಗುವುದಿಲ್ಲ. ಆಯಿಲ್ ತೀರಾ ತೆಳುವಾದರೆ ಪದರ ಹರಿದು ಬೇರಿಂಗ್ ಸವೆಯುತ್ತದೆ. ತೀರಾ ಮಂದವಾದರೂ ಕಷ್ಟವೇ. ತಣ್ಣಗಿನ ಇಂಜಿನ್ ಸ್ಟಾರ್ಟ್ ಮಾಡಿದಾಗ ಪಂಪಿನ ಒತ್ತಡ ಮಿತಿಮೀರಿ ರಿಲೀಫ್ ವಾಲ್ವ್ ತೆರೆದುಕೊಳ್ಳುತ್ತದೆ. ಒಂದಷ್ಟು ಆಯಿಲ್ ಮೇಲೆ ಹತ್ತುವ ಬದಲು ಹಿಂದಕ್ಕೇ ಸುರಿಯುತ್ತದೆ, ವಾಲ್ವ್‌ಗಳನ್ನು ತೆರೆಯುವ ಮೇಲಿನ ಕ್ಯಾಮ್‌ಶಾಫ್ಟ್ ಅಷ್ಟು ಹೊತ್ತು ಒಣಗಿಕೊಂಡೇ ತಿರುಗುತ್ತದೆ. ಆಯಿಲ್ ಒತ್ತಡದಿಂದಲೇ ನಡೆಯುವ ವೇರಿಯಬಲ್ ವಾಲ್ವ್ ಟೈಮಿಂಗ್ (ವಾಲ್ವ್ ತೆರೆಯುವ ಸಮಯವನ್ನು ಹೊಂದಿಸುವ ಏರ್ಪಾಡು) ಇದ್ದರಂತೂ ಅದೂ ತಡವರಿಸುತ್ತದೆ.

5ಡಬ್ಲ್ಯೂ-30ರಲ್ಲಿ ಡಬ್ಲ್ಯೂ ಎಂದರೆ ವಿಂಟರ್, ಚಳಿಗಾಲ. ಅದಕ್ಕಿಂತ ಮೊದಲಿರುವ ಅಂಕಿ ಚಳಿಯಲ್ಲಿ ಸ್ಟಾರ್ಟ್ ಆಗುವ ಗುಣಕ್ಕೆ ಸಂಬಂಧಿಸಿದ್ದು. 5ಡಬ್ಲ್ಯೂ ಆಯಿಲನ್ನು ಮೈನಸ್ 30 ಡಿಗ್ರಿಯಲ್ಲಿ, 10ಡಬ್ಲ್ಯೂವನ್ನು ಮೈನಸ್ 25ರಲ್ಲಿ, 20ಡಬ್ಲ್ಯೂವನ್ನು ಮೈನಸ್ 15ರಲ್ಲಿ ಪರೀಕ್ಷಿಸುತ್ತಾರೆ. ಕೊನೆಯ ಅಂಕಿ 100 ಡಿಗ್ರಿಯಲ್ಲಿನ ಸ್ನಿಗ್ಧತೆಯ, ಅಂದರೆ ಮಂದತನದ ದರ್ಜೆ: 30 ಎಂದರೆ 9.3ರಿಂದ 12.5 ಸೆಂಟಿಸ್ಟೋಕ್ಸ್ (ಅದನ್ನು ಅಳೆಯುವ ಮಾನ), 40 ಎಂದರೆ 12.5ರಿಂದ 16.3. ಹಾಗಾಗಿ 5ಡಬ್ಲ್ಯೂ-40 ಮತ್ತು 15ಡಬ್ಲ್ಯೂ-40 ಬಿಸಿ ಇಂಜಿನ್‌ನಲ್ಲಿ ಒಂದೇ ದರ್ಜೆಯವು. ಮೊದಲ ಅಂಕಿ ಚಿಕ್ಕದಾದ ಮಾತ್ರಕ್ಕೆ ‘ನೀರು ನೀರು’ ಎಂದು ದೂರುವುದು ತಪ್ಪು.

ಒಂದೇ ಆಯಿಲ್ ಎರಡು ದರ್ಜೆಗೂ ಸಲ್ಲುವುದು ಹೆಚ್ಚಾಗಿ ಅದರಲ್ಲಿ ಬೆರೆತ ಪಾಲಿಮರ್‌ನಿಂದ. ತಣ್ಣಗಿದ್ದಾಗ ಮುದುಡಿಕೊಳ್ಳುವ ಈ ಉದ್ದನೆಯ ಅಣುಗಳು ಬಿಸಿಯಲ್ಲಿ ಬಿಚ್ಚಿಕೊಂಡು ಆಯಿಲ್ ವಿಪರೀತ ತೆಳುವಾಗದಂತೆ ತಡೆಯುತ್ತವೆ. ಓಡಿದಂತೆ ಅವು ತುಂಡಾಗುತ್ತವೆ, ಆಯಿಲ್ ತೆಳುವಾಗುತ್ತ ಹೋಗುತ್ತದೆ. ಬೈಕಿನಲ್ಲಿ ಈ ಕಾಟ ಹೆಚ್ಚು, ಏಕೆಂದರೆ ಹೆಚ್ಚಿನ ಬೈಕುಗಳಲ್ಲಿ ಗೇರುಗಳೂ ಅದೇ ಆಯಿಲ್‌ನಲ್ಲಿ ತಿರುಗುತ್ತ ಆ ಅಣುಗಳನ್ನು ಅರೆಯುತ್ತವೆ.

ಕ್ಲಚ್ ಪ್ಲೇಟುಗಳು ಮುಳುಗಿರುವುದೂ ಅದೇ ಆಯಿಲ್‌ನಲ್ಲಿ. ಇಂಧನ ಉಳಿಸಲೆಂದು ಘರ್ಷಣೆ ತಗ್ಗಿಸುವ ರಾಸಾಯನಿಕ ಬೆರೆಸಿದ ಕಾರಿನ ಆಯಿಲ್ ಸುರಿದರೆ ಕ್ಲಚ್ ಜಾರಬಹುದು: ಆಕ್ಸಿಲರೇಟರ್ ತಿರುವಿದರೆ ಇಂಜಿನ್ ಅಬ್ಬರಿಸುತ್ತದೆ, ವೇಗ ಮಾತ್ರ ಏರುವುದಿಲ್ಲ. ಆದ್ದರಿಂದ ಬೈಕಿಗೆ ಜಾಸೋ (ಜಪಾನಿನ ವಾಹನ ಮಾನದಂಡ ಸಂಸ್ಥೆ) ಎಂಎ ಅಥವಾ ಎಂಎ2 ಎಂದಿರುವುದನ್ನೇ ಕೊಳ್ಳಿ, ಇವು ಆಯಿಲ್‌ನಲ್ಲಿ ಮುಳುಗಿರುವ ಕ್ಲಚ್‌ಗೆ ಒಗ್ಗುವ ಆಯಿಲ್‌ನ ಗುರುತುಗಳು. ಗೇರಿಲ್ಲದ ಸ್ಕೂಟರಿನ ಕ್ಲಚ್ ಒಣಗಿರುವುದರಿಂದ ಘರ್ಷಣೆ ಕಡಿಮೆಯ ಎಂಬಿ ದರ್ಜೆ ಸಾಕು.

ಕಾರಿನ ಆಯಿಲ್ ಡಬ್ಬಿಯಲ್ಲಿ ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ದರ್ಜೆಯ ಅಕ್ಷರಗಳನ್ನು ನೋಡಿ. ಎಸ್‌ನಿಂದ ಶುರುವಾದರೆ ಪೆಟ್ರೋಲ್, ಸಿಯಿಂದಾದರೆ ಡೀಸೆಲ್. 2020ರಲ್ಲಿ ಬಂದ ಎಸ್‌ಪಿ ದರ್ಜೆ, ನೇರ ಇಂಜೆಕ್ಷನ್ ಇರುವ ಟರ್ಬೊ ಪೆಟ್ರೋಲ್ ಇಂಜಿನ್‌ಗಳಲ್ಲಿ ಕಿಡಿ ಹಾರುವ ಮೊದಲೇ ಮಿಶ್ರಣ ಹೊತ್ತಿಕೊಳ್ಳುವ ಪಿಡುಗನ್ನು ತಗ್ಗಿಸುತ್ತದೆ. ಅದು ಜೋರಾದರೆ ಪಿಸ್ಟನ್ನೇ ಒಡೆಯಬಹುದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಡೀಸೆಲ್ ಕಾರಿಗೆ ಬೂದಿ ಕಡಿಮೆ ಬಿಡುವ, ಎಸಿಇಎ (ಯುರೋಪಿನ ವಾಹನ ತಯಾರಕರ ಸಂಘ) ಸಿ ವರ್ಗದ ಆಯಿಲ್ ಬೇಕು. ಸಿ2, ಸಿ3 ಇತ್ಯಾದಿಗಳಲ್ಲಿ ಯಾವುದೆಂಬುದು ಕೈಪಿಡಿಯಲ್ಲಿರುತ್ತದೆ. ಫಿಲ್ಟರ್‌ನಲ್ಲಿ ಕೂತ ಮಸಿಯನ್ನು ಸುಟ್ಟು ತೆಗೆಯಬಹುದು, ಆಯಿಲ್‌ನ ಲೋಹಾಂಶದಿಂದ ಬಂದ ಬೂದಿಯನ್ನು ಸುಡಲಾಗದು. ಸಿಂಥೆಟಿಕ್ಕೋ ಮಿನರಲ್ಲೋ ಎಂಬ ವಾದ ಇದೆಲ್ಲ ಹೊಂದಿದ ಮೇಲಿನ ಮಾತು.

ಹಳೆಯ ಇಂಜಿನ್ ಆಯಿಲ್ ತಿನ್ನುತ್ತಿದ್ದರೆ ಕೈಪಿಡಿ ಒಪ್ಪುವ ಮಿತಿಯೊಳಗೆ ಒಂದು ದರ್ಜೆ ಮೇಲಕ್ಕೆ, ಅಂದರೆ 30ರಿಂದ 40ಕ್ಕೆ ಹೋಗಬಹುದು. ತಿನ್ನುವುದು ಸ್ವಲ್ಪ ತಗ್ಗೀತು. ಸವೆದ ಪಿಸ್ಟನ್ ರಿಂಗ್ ಮಾತ್ರ ಸರಿಹೋಗದು.

ಬದಲಿಸುವಾಗ ಇಂಜಿನ್ ಬೆಚ್ಚಗಿರಲಿ, ಹಳೆಯದು ಪೂರ್ತಿ ಇಳಿಯುತ್ತದೆ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ. ತಿರುಪಿ ಕೂರಿಸುವ ಫಿಲ್ಟರ್ ಆದರೆ ಅದರ ರಬ್ಬರ್ ರಿಂಗಿಗೆ ಆಯಿಲ್ ಸವರಿ, ರಿಂಗ್ ತಾಗಿದ ಮೇಲೆ ಕೈಯಲ್ಲೇ ಮುಕ್ಕಾಲು ಸುತ್ತು ಬಿಗಿ ಮಾಡಿದರೆ ಸಾಮಾನ್ಯವಾಗಿ ಸಾಕು. ಹೇಳಿದ ಅಳತೆಗಿಂತ ಕೊಂಚ ಕಡಿಮೆ ಸುರಿದು, ಒಂದು ನಿಮಿಷ ಓಡಿಸಿ, ಆರಿಸಿ, ಐದಾರು ನಿಮಿಷ ಬಿಟ್ಟು ಸಮತಟ್ಟು ಜಾಗದಲ್ಲಿ ಡಿಪ್‌ಸ್ಟಿಕ್ ನೋಡಿ ಉಳಿದದ್ದನ್ನು ಹಾಕಿ. ಮೇಲಿನ ಗೆರೆ ಮೀರಿದರೆ ಕ್ರ್ಯಾಂಕ್‌ಶಾಫ್ಟ್ ಆಯಿಲನ್ನು ಕಡೆದು ನೊರೆ ಎಬ್ಬಿಸುತ್ತದೆ, ನೊರೆ ಬೇರಿಂಗನ್ನು ಹೊರಲಾರದು.

ಡೀಸೆಲ್ ಇಂಜಿನ್‌ನಲ್ಲಿ ಹೊಸ ಆಯಿಲ್ ಬೇಗನೆ ಕಪ್ಪಾದರೆ ಗಾಬರಿ ಬೇಡ, ಮಸಿಯನ್ನು ಹಿಡಿದಿಟ್ಟುಕೊಳ್ಳುವುದು ಅದರ ಕೆಲಸ. ಸುರಿಯದೆಯೇ ಡಿಪ್‌ಸ್ಟಿಕ್‌ನಲ್ಲಿ ಮಟ್ಟ ಏರಿದೆಯೇ ಎಂದು ನೋಡಿ. ಏರಿದ್ದು, ಇಂಧನದ ವಾಸನೆಯೂ ಬರುತ್ತಿದ್ದರೆ ಪೆಟ್ರೋಲೋ ಡೀಸೆಲೋ ಒಳಗೆ ಬೆರೆತಿದೆ. ಆಗ ಡಬ್ಬಿಯ ಮೇಲೆ 40 ಎಂದಿದ್ದರೂ ಒಳಗಿರುವುದು 30ಕ್ಕೆ, ಕೆಲವೊಮ್ಮೆ ಅದಕ್ಕಿಂತ ಕೆಳಕ್ಕೆ ಇಳಿದಿರಬಹುದು.