ಹೋದ ಸಲದ ಬಾಟ್ಲಿ ಈ ಸಲದ ಜ್ವರಕ್ಕೆ ಬೇಡ

ಮೊನ್ನೆ ರಾತ್ರಿ ಒಂಬತ್ತೂವರೆಗೆ ಸಿಂದಗಿ ಕಡೆಯಿಂದ ಒಬ್ಬ ತಾಯಿ ಫೋನ್ ಮಾಡಿದ್ದರು. "ಸರ್, ಕೂಸಿಗೆ ಮತ್ತ ಜ್ವರಾ ಬಂದಾವ್ರಿ. ಸಿದ್ಧೇಶ್ವರ ಜಾತ್ರಿ ಮುಂದ ನೀವು ಬರದುಕೊಟ್ಟ ಔಷಧ ಅರ್ಧ ಬಾಟ್ಲಿ ಉಳದೈತ್ರಿ. ಅದನ್ನ ಹಾಕ್ಲೇನ್ರಿ?" ಜಾತ್ರೆ ಆಗಿದ್ದು ಸಂಕ್ರಾಂತಿಗೆ. ಈಗ ಏಪ್ರಿಲ್. ಮೂರು ತಿಂಗಳಿಂದ ಆ ಆ್ಯಂಟಿಬಯೋಟಿಕ್ ಬಾಟ್ಲಿ ಫ್ರಿಡ್ಜಿನ ಬಾಗಿಲಲ್ಲೇ ಕೂತಿತ್ತು.

ಬೇಡವೇ ಬೇಡ ಎಂದೆ. ಕೇಳಿದ್ದು ಒಳ್ಳೆಯದಾಯ್ತು. ವಿಜಯಪುರದಲ್ಲಿ ಮಕ್ಕಳನ್ನು ನೋಡುವ ನನಗೆ ಇಂಥ ಫೋನು ವಾರಕ್ಕೆ ಎರಡಾದರೂ ಬರುತ್ತವೆ, ಕೇಳದೆಯೇ ಹಾಕಿಬಿಡುವವರು ಇನ್ನೆಷ್ಟು ಜನವೋ ಅಂತ ನೆನೆಸಿಕೊಂಡರೆ ನಿದ್ದೆ ಬರುವುದಿಲ್ಲ.

ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ಮಕ್ಕಳ ನೆಗಡಿ, ಕೆಮ್ಮು, ಮೂಗು ಸೋರುವುದು, ಇವುಗಳಲ್ಲಿ ಬಹುಪಾಲು ವೈರಸ್‌ನಿಂದ ಬರುವಂಥವು. ಅದಕ್ಕೆ ಈ ಔಷಧಿ ಏನೂ ಮಾಡುವುದಿಲ್ಲ, ಸುಮ್ನೆ ಹೊಟ್ಟೆ ಕೆಡಿಸುತ್ತದೆ ಅಷ್ಟೇ. ಭೇದಿಗೂ ಹಾಗೇ. ರಕ್ತ ಬೀಳದ ಸಾಮಾನ್ಯ ಭೇದಿಗೆ ಬೇಕಾಗಿರುವುದು ಓಆರ್‌ಎಸ್ ಮತ್ತು 14 ದಿನ ಜಿಂಕ್.

ಹಾಗಾದರೆ ಯಾವಾಗ ಹೆದರಬೇಕು? ಮನೆಯಲ್ಲೇ ನೋಡಬಹುದಾದ ಒಂದು ಗುರುತು ಹೇಳುತ್ತೇನೆ. ಮಗು ಅಳದೆ ಸುಮ್ಮನಿರುವಾಗ ಅಂಗಿ ಮೇಲೆತ್ತಿ, ಗಡಿಯಾರ ನೋಡುತ್ತಾ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2 ತಿಂಗಳಿಂದ 1 ವರ್ಷದೊಳಗಿನ ಕೂಸಿಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದ ಮಗುವಿಗೆ 40 ಅಥವಾ ಜಾಸ್ತಿ ಬಂದರೆ ನ್ಯುಮೋನಿಯಾ ಇರಬಹುದು, ಅವತ್ತೇ ತೋರಿಸಿ. ಉಸಿರೆಳೆದಾಗ ಪಕ್ಕೆಲುಬಿನ ಕೆಳಗೆ ಗುಳಿ ಬೀಳುತ್ತಿದ್ದರೆ, ಹಾಲು ಕುಡಿಯದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ಬೆಳಗಿನವರೆಗೆ ಕಾಯಬೇಡಿ. 2 ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಎಣಿಸುತ್ತಾ ಕೂರುವುದೂ ಬೇಡ, ನೇರ ದವಾಖಾನೆಗೆ ಬನ್ನಿ.

ಈಗ ಔಷಧಿ ನಿಜವಾಗಿ ಬೇಕು ಅಂತಲೇ ಇಟ್ಟುಕೊಳ್ಳಿ. ಇದರ ಅಳತೆ ವಯಸ್ಸಿನ ಮೇಲಲ್ಲ, ತೂಕದ ಮೇಲೆ. ಅದಕ್ಕೇ ನಾವು ಪ್ರತಿ ಸಲ ಮಗುವನ್ನು ತಕ್ಕಡಿ ಮೇಲೆ ಹತ್ತಿಸುವುದು. ಅಣ್ಣನ ಔಷಧಿ ತಮ್ಮನಿಗೆ ಆಗುವುದಿಲ್ಲ. ಇನ್ನೊಂದು ಗೊಂದಲ ಬಾಟ್ಲಿಯದು. ಅಮಾಕ್ಸಿಸಿಲಿನ್-ಕ್ಲಾವುಲನೇಟ್ ಸಿರಪ್ಪೇ ನೋಡಿ, ಒಂದರಲ್ಲಿ 5 ಎಂಎಲ್‌ಗೆ 228.5 ಮಿಲಿಗ್ರಾಂ, ಇನ್ನೊಂದರಲ್ಲಿ ಅದೇ 5 ಎಂಎಲ್‌ಗೆ 457. ಹೆಸರು ಒಂದೇ, ಡಬ್ಬಿಯೂ ನೋಡಲು ಒಂದೇ ಥರ, ಆದರೆ ಔಷಧಿ ಡಬಲ್. "ಹೋದ ಸಲ ಒಂದು ಚಮಚ ಹಾಕಿದ್ದೆ, ಈಗಲೂ ಅಷ್ಟೇ" ಅನ್ನುವ ಲೆಕ್ಕ ಇಲ್ಲೇ ತಪ್ಪುವುದು. ಚಮಚ ಅಂದೆನಲ್ಲ, ಅಡುಗೆಮನೆಯ ಚಮಚ ಬೇಡ. ಒಬ್ಬ ತಾಯಿ ತಂದಿದ್ದ ಎರಡು ಸ್ಟೀಲ್ ಚಮಚದಲ್ಲಿ ನೀರು ತುಂಬಿ ಅಳತೆ ಮುಚ್ಚಳಕ್ಕೆ ಹಾಕಿ ನೋಡಿದೆವು. ಒಂದು 3 ಎಂಎಲ್‌ಗೆ ನಿಂತಿತು, ಇನ್ನೊಂದು 7ರ ಹತ್ತಿರ ಹೋಯಿತು. ಸೂಜಿ ಇಲ್ಲದ ಸಿರಿಂಜ್ ಎಲ್ಲಕ್ಕಿಂತ ವಾಸಿ, ಕೆನ್ನೆಯ ಒಳಬದಿಗೆ ಸ್ವಲ್ಪ ಸ್ವಲ್ಪ ಬಿಟ್ಟರೆ ಮಗು ನುಂಗುತ್ತದೆ. ಬಾಟ್ಲಿ ಹಾಲಿಗೆ ಬೆರೆಸಬೇಡಿ, ಅರ್ಧ ಹಾಲು ಬಿಟ್ಟರೆ ಅರ್ಧ ಔಷಧಿ ಹೋಯಿತು ಅಂತಲೇ ಅರ್ಥ.

ನಾನು ಜಾಸ್ತಿ ತಪ್ಪು ನೋಡುವುದು ಬಾಟ್ಲಿಯಲ್ಲಿ ಬರುವ ಔಷಧಿಯ ಪುಡಿಗೆ ನೀರು ಬೆರೆಸಿ ಸಿರಪ್ ಮಾಡುವಲ್ಲಿ. ಮೂರು ದಿನವಾದರೂ ಜ್ವರ ಇಳಿದಿಲ್ಲ ಅಂತ ಒಬ್ಬರು ಬಂದಿದ್ದರು. ಬಾಟ್ಲಿ ತರಿಸಿ ನೋಡಿದರೆ ನೀರು ಕುತ್ತಿಗೆಯವರೆಗೆ ತುಂಬಿದೆ, ತಳದಲ್ಲಿ ಪುಡಿ ಗಟ್ಟಿಯಾಗಿ ಅಂಟಿದೆ. ಮೂರು ದಿನ ಮಗು ಕುಡಿದದ್ದು ಸಿಹಿ ನೀರು, ಕೊನೆಗೆ ಉಳಿದದ್ದು ಔಷಧಿಯ ಗಟ್ಟಿ. ತಪ್ಪು ಆ ತಾಯಿಯದಲ್ಲ, ಅವರಿಗೆ ಯಾರೂ ಮಾಡಿ ತೋರಿಸಿರಲಿಲ್ಲ. ಮೊದಲು ಬಾಟ್ಲಿಯನ್ನು ಅಂಗೈ ಮೇಲೆ ಬಡಿದು ಪುಡಿ ಸಡಿಲ ಮಾಡಿ. ಡಬ್ಬಿಯಲ್ಲೇ ನೀರಿನ ಪುಟ್ಟ ಬಾಟ್ಲಿ ಇದ್ದರೆ ಅದನ್ನೇ ಹಾಕಿ, ಇಲ್ಲದಿದ್ದರೆ ಕುದಿಸಿ ಪೂರ್ತಿ ಆರಿಸಿದ ನೀರು. ಬಿಸಿ ನೀರು ಹಾಕಿದರೆ ಔಷಧಿ ಕೆಡುತ್ತದೆ. ಅರ್ಧ ಹಾಕಿ ಜೋರಾಗಿ ಅಲ್ಲಾಡಿಸಿ, ನೊರೆ ಇಳಿಯಲಿ, ಆಮೇಲೆ ಬಾಟ್ಲಿ ಮೇಲಿನ ಗೆರೆ ಮುಟ್ಟುವಷ್ಟು ಹಾಕಿ ಮತ್ತೆ ಅಲ್ಲಾಡಿಸಿ. ಪ್ರತಿ ಸಲ ಕೊಡುವ ಮೊದಲೂ ಅಲ್ಲಾಡಿಸಲೇಬೇಕು. ಬೆರೆಸಿದ ತಾರೀಖನ್ನು ಲೇಬಲ್ ಮೇಲೆ ಪೆನ್ನಿನಲ್ಲಿ ಬರೆಯಿರಿ.

ಆ ತಾರೀಖು ಯಾಕೆ ಅಂದರೆ, ಕ್ಲಾವುಲನೇಟ್ ಇರುವ ಸಿರಪ್ ಬೆರೆಸಿದ ಮೇಲೆ ಫ್ರಿಡ್ಜಿನಲ್ಲಿಟ್ಟರೂ 7 ದಿನ ಮಾತ್ರ. ಎಲ್ಲ ಸಿರಪ್ಪಿಗೂ ಒಂದೇ ನಿಯಮ ಇಲ್ಲ, ಕೆಲವನ್ನು ಫ್ರಿಡ್ಜಿನಲ್ಲಿ ಇಡಲೇಬಾರದು, ಡಬ್ಬಿ ಮೇಲೆ ಬರೆದಿರುತ್ತದೆ, ಔಷಧಿ ಅಂಗಡಿಯಲ್ಲಿ ಕೇಳಿ. ನಮ್ಮ ಬೇಸಿಗೆ ಗೊತ್ತಲ್ವಾ, 40 ಡಿಗ್ರಿ ದಾಟಿದ ಮೇಲೆ ತಗಡಿನ ಮನೆಯೊಳಗೆ ಔಷಧಿ ಏನು ಉಳಿದೀತು? ತಾಂಡಾಗಳಿಂದ ಕಬ್ಬು ಕಡಿಯಲು, ಗೋವಾ ಕಡೆ ದುಡಿಯಲು ಹೋಗುವವರು ಬೆರೆಸಿದ ಬಾಟ್ಲಿಯನ್ನು ಗಂಟಿನಲ್ಲಿ ಕಟ್ಟಿಕೊಂಡು ಹೊರಡುವುದನ್ನು ನೋಡಿದ್ದೇನೆ. ಮನೆಯಲ್ಲಿ ಫ್ರಿಡ್ಜ್ ಇಲ್ಲದಿದ್ದರೆ, ಕರೆಂಟ್ ಸರಿಯಾಗಿ ಇರದಿದ್ದರೆ, ಊರು ಬಿಡುವವರಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ನೀರಿನಲ್ಲಿ ಕರಗುವ ಗುಳಿಗೆ ಇದೆ. ಅಮಾಕ್ಸಿಸಿಲಿನ್ 250 ಮಿಲಿಗ್ರಾಂನದು ಸಲೀಸಾಗಿ ಸಿಗುತ್ತದೆ, ಪ್ರತಿ ಸಲ ಡಾಕ್ಟರು ಬರೆದಷ್ಟು ಗುಳಿಗೆಯನ್ನು ಸ್ವಲ್ಪ ನೀರಲ್ಲಿ ಕರಗಿಸಿದರೆ ಆಯ್ತು, ಫ್ರಿಡ್ಜ್ ಬೇಡ. ಇದನ್ನು ನಾವು ವೈದ್ಯರೂ ಇನ್ನೂ ಜಾಸ್ತಿ ಬರೆಯಬೇಕು ಅಂತ ನನಗನ್ನಿಸುತ್ತದೆ.

ಎಷ್ಟು ದಿನ? ಬರೆದಷ್ಟು ದಿನ. ಸ್ಟ್ರೆಪ್ ಎಂಬ ಬ್ಯಾಕ್ಟೀರಿಯಾದಿಂದ ಗಂಟಲು ಕೆಟ್ಟಾಗ ಅಮಾಕ್ಸಿಸಿಲಿನ್ 10 ದಿನ ಕೊಡುತ್ತೇವೆ. ಮಗು ಮೂರನೇ ದಿನಕ್ಕೇ ಆಡಲು ಓಡುತ್ತದೆ, ಮನೆಯವರು ನಿಲ್ಲಿಸುತ್ತಾರೆ. ಆ 10 ದಿನ ಗಂಟಲಿಗಾಗಿ ಮಾತ್ರ ಅಲ್ಲ, ಮುಂದೆ ಸಂಧಿವಾತದ ಜ್ವರ ಬಂದು ಹೃದಯದ ಕವಾಟ ಹಾಳಾಗದಿರಲಿ ಅಂತ. ಅಳತೆಗಿಂತ ಕಡಿಮೆ ಕೊಟ್ಟರೆ ಬ್ಯಾಕ್ಟೀರಿಯಾ ಔಷಧಿಗೇ ಒಗ್ಗಿಕೊಳ್ಳುತ್ತದೆ ಎಂದು ಪೆನಿಸಿಲಿನ್ ಕಂಡುಹಿಡಿದ ಅಲೆಕ್ಸಾಂಡರ್ ಫ್ಲೆಮಿಂಗ್ 1945ರಲ್ಲೇ, ತಮ್ಮ ನೊಬೆಲ್ ಭಾಷಣದಲ್ಲೇ ಎಚ್ಚರಿಸಿದ್ದರು.

ಕೊಟ್ಟ ಅರ್ಧ ಗಂಟೆಯೊಳಗೆ ವಾಂತಿಯಾದರೆ ಅದೇ ಅಳತೆ ಇನ್ನೊಮ್ಮೆ ಕೊಡಿ, ಆಮೇಲೆ ಆದರೆ ಬೇಡ. ಒಂದು ಹೊತ್ತು ಮರೆತರೆ ನೆನಪಾದಾಗ ಕೊಡಿ, ಮುಂದಿನ ಹೊತ್ತು ಹತ್ತಿರ ಬಂದಿದ್ದರೆ ಬಿಟ್ಟುಬಿಡಿ, ಎರಡೂ ಸೇರಿಸಿ ಕೊಡಬೇಡಿ. ಸ್ವಲ್ಪ ಭೇದಿಯಾಗುವುದುಂಟು. ಮೈಮೇಲೆ ದದ್ದು ಎದ್ದರೆ ನಿಲ್ಲಿಸಿ ಫೋನ್ ಮಾಡಿ. ತುಟಿ, ಮುಖ ಊದಿಕೊಂಡರೆ, ಉಸಿರು ಕಟ್ಟಿದರೆ ಫೋನಿಗೂ ಕಾಯದೆ ಹತ್ತಿರದ ದವಾಖಾನೆಗೆ ಓಡಿ. ಯಾವ ಔಷಧಿಯಿಂದ ಹಾಗಾಯಿತು ಎಂದು ಮಗುವಿನ ಲಸಿಕೆ ಕಾರ್ಡಿನ ಮೇಲೆ ದೊಡ್ಡದಾಗಿ ಬರೆದಿಡಿ.

ಸಿಂದಗಿಯ ಆ ಕೂಸಿನ ಉಸಿರನ್ನು ಫೋನಿನಲ್ಲೇ ಎಣಿಸಿದೆವು. ಅಜ್ಜಿ ಗಡಿಯಾರ ಹಿಡಿದರು, ತಾಯಿ ಎಣಿಸಿದರು. ಒಂದೂವರೆ ವರ್ಷದ ಮಗು, 32 ಬಂತು. ಮೂಗು ಸೋರುತ್ತಿತ್ತು, ಎದೆಹಾಲು ಕುಡಿಯುತ್ತಿತ್ತು. ಜ್ವರಕ್ಕೆ ತೂಕ ನೋಡಿ ಪ್ಯಾರಸಿಟಮಾಲ್ ಹೇಳಿದೆ, ಮರುದಿನ ಕರೆತರಲು ಹೇಳಿದೆ. ಹಳೆಯ ಬಾಟ್ಲಿಯಲ್ಲಿದ್ದದ್ದನ್ನು ಬೂದಿಗೆ ಬೆರೆಸಿ ಕಸಕ್ಕೆ ಹಾಕಿದೆ ಅಂತ ಬಂದಾಗ ಅಜ್ಜಿ ಹೇಳಿದರು.