ಸಹಿಯನ್ನಲ್ಲ, ಬೆಸುಗೆಯನ್ನು ನೋಡಿ

ಹಳೆಯ ಲೋಹದ ಕುರ್ಚಿ, ಗೋಡೆಗೆ ತೂಗುವ ಹಿತ್ತಾಳೆ ಶಿಲ್ಪ, ಮೇಜಿನ ಮೇಲಿಡುವ ತಂತಿಯ ಗಿಡ ಇಂಥದ್ದನ್ನು ಕೊಳ್ಳುವ ಮುಂಚೆ ಅಭಿಪ್ರಾಯ ಕೇಳುವವರು ನನಗೆ ಹೆಚ್ಚಾಗಿ ಕಳಿಸುವುದು ಸಹಿಯ ಫೋಟೊವನ್ನು. ಮೂಲೆಯಲ್ಲಿ ಗೀಚಿದ ಒಂದು ಹೆಸರು, ಪಕ್ಕದಲ್ಲಿ ಒಂದು ಇಸವಿ. "ಸಹಿ ಇದೆಯಲ್ಲ, ಅಸಲಿಯೇ ಇರಬೇಕು ಅಲ್ಲವೇ?" ಪೆನ್ಸಿಲ್ವೇನಿಯಾದಲ್ಲಿ ಲೋಹದ ಕಲಾವಸ್ತುಗಳ ಸಂರಕ್ಷಣೆ ನನ್ನ ಕಸುಬು. ಇಲ್ಲಿ ಹಿರಿಯರು ತೀರಿಕೊಂಡ ಮೇಲೆ ಮನೆಯ ಸಾಮಾನನ್ನೆಲ್ಲ ಮಾರಾಟಕ್ಕಿಡುವ ಎಸ್ಟೇಟ್ ಸೇಲ್‌ಗಳಲ್ಲಿ ಈಗೀಗ ಕನ್ನಡದ ಗೆಳೆಯರೂ ಎದುರಾಗುತ್ತಾರೆ. ಅವರಿಗೆ ನಾನು ಹೇಳುವ ಮೊದಲ ಮಾತು ಇದೇ: 1950, 60ರ ದಶಕಗಳ ಅಮೆರಿಕದ ಲೋಹದ ಕೆಲಸದಲ್ಲಿ ಸಹಿಗಿಂತ ದುರ್ಬಲವಾದ ಸಾಕ್ಷಿ ಇನ್ನೊಂದಿಲ್ಲ.

ಯಾಕೆ ಅಂದರೆ, ಈ ಕ್ಷೇತ್ರದಲ್ಲಿ ಅತಿ ಹೆಚ್ಚು ಸಿಗುವ ಸಹಿ ಕರ್ಟಿಸ್ ಜೆರೆ ಎಂಬವರದು. ಹಿತ್ತಾಳೆಯ ಹಕ್ಕಿಗಳ ಸಾಲು, ಸೂರ್ಯನ ಕಿರಣ, ಹಾಯಿದೋಣಿ, ನಗರದ ಕಟ್ಟಡಗಳ ನೆರಳುಚಿತ್ರ, ಎಲ್ಲದರ ಮೇಲೂ 'ಸಿ. ಜೆರೆ'. ಆ ಹೆಸರಿನ ಮನುಷ್ಯ ಹುಟ್ಟಲೇ ಇಲ್ಲ. ಜೆರಿ ಫೆಲ್ಸ್ ಮತ್ತು ಕರ್ಟ್ ಫ್ರೈಲರ್ ಎಂಬ ಇಬ್ಬರು 1960ರ ದಶಕದ ಆರಂಭದಲ್ಲಿ ಆರ್ಟಿಸಾನ್ ಹೌಸ್ ಎಂಬ ಕಂಪನಿ ಕಟ್ಟಿ, ತಮ್ಮ ಹೆಸರುಗಳ ತುಂಡುಗಳನ್ನು ಸೇರಿಸಿ ಆ ಕಲಾವಿದನನ್ನು ಸೃಷ್ಟಿಸಿದರು. ಗ್ಯಾಲರಿಗೆ ಹೋಗಲಾರದ ಜನರ ಗೋಡೆಗೂ ಒಳ್ಳೆಯ ಲೋಹಶಿಲ್ಪ ತಲುಪಬೇಕು ಅನ್ನುವುದು ಅವರ ಆಸೆ. ಕೆಲಸ ಮಾಡಿದವರು ಕಾರ್ಖಾನೆಯ ಕುಶಲಿಗಳು. ಇದರಲ್ಲಿ ಮೋಸವೇನೂ ಇಲ್ಲ, ಕೆಲವು ತುಂಬ ಚೆಲುವಾಗಿಯೂ ಇವೆ. ಆದರೆ 'ಜೆರೆಯವರೇ ಕೈಯಾರೆ ಮಾಡಿದ್ದು' ಎಂದು ಯಾರಾದರೂ ಬೆಲೆ ಏರಿಸಿದರೆ ನಂಬಬೇಡಿ.

ಇದಕ್ಕೆ ತದ್ವಿರುದ್ಧ ಹ್ಯಾರಿ ಬರ್ಟೋಯಾ. ಆ ಕಾಲದ ಲೋಹದ ಕೆಲಸಗಾರರಲ್ಲಿ ಅತಿ ದೊಡ್ಡವರು ಅವರೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅವರು ತಮ್ಮ ಶಿಲ್ಪಗಳಿಗೆ ಬಹುಪಾಲು ಸಹಿಯನ್ನೇ ಹಾಕಲಿಲ್ಲ. ಹೀಗಾಗಿ ಬರ್ಟೋಯಾ ಎಂದು ಕೊರೆದ ಶಿಲ್ಪ ಕೈಗೆ ಬಂದರೆ ನನ್ನ ಅನುಮಾನ ಕಡಿಮೆಯಾಗುವ ಬದಲು ಹೆಚ್ಚಾಗುತ್ತದೆ.

ಬರ್ಟೋಯಾ 1915ರಲ್ಲಿ ಇಟಲಿಯ ಫ್ರಿಯುಲಿ ಸೀಮೆಯ ಸಣ್ಣ ಹಳ್ಳಿಯಲ್ಲಿ ಹುಟ್ಟಿ, 1930ರಲ್ಲಿ ಡೆಟ್ರಾಯಿಟ್‌ಗೆ ಬಂದವರು. ಕ್ರ್ಯಾನ್‌ಬ್ರೂಕ್ ಕಲಾಶಾಲೆಗೆ ವಿದ್ಯಾರ್ಥಿಯಾಗಿ ಸೇರಿ, ಕೆಲವೇ ವರ್ಷಗಳಲ್ಲಿ ಅಲ್ಲಿನ ಲೋಹದ ಕಾರ್ಯಾಗಾರವನ್ನು ನಡೆಸಿದರು. ಯುದ್ಧದ ಸಮಯದಲ್ಲಿ ಲೋಹ ಸಿಗುವುದೇ ಕಷ್ಟವಾದಾಗ ಕೈಯನ್ನು ಆಭರಣದತ್ತ ತಿರುಗಿಸಿದರು. ವಿನ್ಯಾಸಕಿ ರೇ ಈಮ್ಸ್ ಅವರ ಮದುವೆಯ ಉಂಗುರ ಬರ್ಟೋಯಾ ಅವರದೇ ಕೆಲಸ. 1943ರಲ್ಲಿ ಕ್ಯಾಲಿಫೋರ್ನಿಯಾಕ್ಕೆ ಹೋಗಿ ಚಾರ್ಲ್ಸ್ ಮತ್ತು ರೇ ಈಮ್ಸ್ ಜೊತೆ ದುಡಿದರು. (1958ರಲ್ಲಿ ಭಾರತಕ್ಕೆ ಬಂದು ವರದಿ ಬರೆದು, ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಗೆ ಕಾರಣರಾದರಲ್ಲ, ಅದೇ ಈಮ್ಸ್ ದಂಪತಿ.) 1950ರಲ್ಲಿ ನಾಲ್ ಪೀಠೋಪಕರಣ ಕಂಪನಿಯ ಹ್ಯಾನ್ಸ್ ಮತ್ತು ಫ್ಲಾರೆನ್ಸ್ ನಾಲ್ ದಂಪತಿ ಬರ್ಟೋಯಾ ಅವರನ್ನು ಪೆನ್ಸಿಲ್ವೇನಿಯಾಕ್ಕೆ ಕರೆಸಿಕೊಂಡರು. ಕುರ್ಚಿಯನ್ನೇ ಮಾಡಬೇಕು ಅನ್ನುವ ಒತ್ತಾಯ ಇರಲಿಲ್ಲ; ಮನಸ್ಸಿಗೆ ಬಂದದ್ದನ್ನು ಮಾಡುವ ಸ್ವಾತಂತ್ರ್ಯ ಕೊಟ್ಟರು. ಎರಡು ವರ್ಷದಲ್ಲಿ ಹೊರಬಂದದ್ದು ಡೈಮಂಡ್ ಕುರ್ಚಿ, ಎತ್ತರದ ಬೆನ್ನಿನ ಬರ್ಡ್ ಕುರ್ಚಿ, ಊಟದ ಮೇಜಿಗೆ ಹೊಂದುವ ಸೈಡ್ ಕುರ್ಚಿ. ಅವುಗಳಿಂದ ಬಂದ ಆದಾಯವೇ ಮುಂದೆ ಅವರನ್ನು ಪೂರ್ತಿ ಶಿಲ್ಪಿಯಾಗಲು ಬಿಟ್ಟಿತು. ಆದ್ದರಿಂದ ಕುರ್ಚಿಯನ್ನು ಓದಲು ಕಲಿತವರಿಗೆ ಶಿಲ್ಪದ ಓದೂ ಅರ್ಧ ಬಂದ ಹಾಗೆ.

ಕುರ್ಚಿಯಿಂದಲೇ ಶುರು ಮಾಡೋಣ. ಉಕ್ಕಿನ ಸರಳುಗಳ ಚೌಕ ಬಲೆಯನ್ನು ಓರೆಯಾಗಿ ಹಿಡಿದು ಮೈಯ ಆಕಾರಕ್ಕೆ ಬಾಗಿಸಿದರೆ ಚೌಕಗಳು ವಜ್ರಾಕೃತಿಗಳಾಗುತ್ತವೆ. ಈ ಕುರ್ಚಿಗಳು ಬಹುಮಟ್ಟಿಗೆ ಗಾಳಿಯಿಂದಲೇ ಆದವು ಎಂದು ಬರ್ಟೋಯಾ ಹೇಳಿದ್ದರು, ನಿಜ. ಆದರೆ ಆ ಗಾಳಿಯನ್ನು ಹಿಡಿದು ನಿಲ್ಲಿಸಿರುವುದು ನೂರಾರು ಬೆಸುಗೆಗಳು. ನಾಲ್ ಕಂಪನಿ ಯಂತ್ರದಿಂದಲೇ ಮಾಡಿಸಲು ನೋಡಿ, ಕೊನೆಗೆ ಸರಳನ್ನು ಕೈಯಲ್ಲೇ ಬಾಗಿಸಿ, ಅಚ್ಚಿನಲ್ಲಿ ಕೂರಿಸಿ, ಒಂದೊಂದೇ ಕೂಡುಬಿಂದುವನ್ನು ಬೆಸೆಯುವುದೇ ಸಲೀಸು ಎಂದು ಕಂಡುಕೊಂಡಿತು. ಅದು ಸ್ಪಾಟ್ ವೆಲ್ಡಿಂಗ್: ಎರಡು ಸರಳು ದಾಟುವ ಜಾಗವನ್ನು ಎರಡೂ ಕಡೆಯಿಂದ ಒತ್ತಿ ವಿದ್ಯುತ್ ಹಾಯಿಸಿದರೆ, ಹೊರಗಿನಿಂದ ಬೇರೆ ಲೋಹ ಸೇರಿಸದೆಯೇ ಎರಡೂ ಕರಗಿ ಒಂದಾಗುತ್ತವೆ. ಒಂದು ಸರಳು ಇನ್ನೊಂದರೊಳಗೆ ಸ್ವಲ್ಪ ಕೂತ ಹಾಗೆ ಕಾಣುತ್ತದೆ, ಉಬ್ಬು ಇರುವುದಿಲ್ಲ. ಕೂಡುಬಿಂದುವಿನ ಮೇಲೆ ಬೆರಳಾಡಿಸಿದಾಗ ಗಂಟಿನಂಥ ದಪ್ಪ ಹನಿ ಸಿಕ್ಕಿದರೆ, ಒಂದೋ ಅದು ನಕಲು, ಇಲ್ಲವೇ ಯಾರೋ ಮುರಿದ ಬೆಸುಗೆಯನ್ನು ಗ್ಯಾರೇಜಿನ ಯಂತ್ರದಲ್ಲಿ ರಿಪೇರಿ ಮಾಡಿದ್ದಾರೆ. ಒಂದೇ ಕಡೆ ಇದ್ದರೆ ರಿಪೇರಿ; ಎಲ್ಲ ಕಡೆ ಇದ್ದರೆ ಕುರ್ಚಿಯನ್ನು ಅಲ್ಲೇ ಬಿಟ್ಟು ಬನ್ನಿ.

ಅಂಚಿನ ಸರಳನ್ನು ಇನ್ನೂ ಗಮನವಿಟ್ಟು ನೋಡಬೇಕು, ಅದರ ಹಿಂದೆ ಒಂದು ಜಗಳವೇ ಇದೆ. ಈಮ್ಸ್ ದಂಪತಿ 1951ರಲ್ಲಿ ಹರ್ಮನ್ ಮಿಲ್ಲರ್ ಕಂಪನಿಗೆ ತಂತಿಯ ಕುರ್ಚಿಯೊಂದನ್ನು ಮಾಡಿದ್ದರು. ಬಲೆಯ ಸರಳುಗಳ ತುದಿಯನ್ನು ಎರಡು ತೆಳು ತಂತಿಗಳ ನಡುವೆ ಹಿಡಿಸುವ ಜೋಡಿ ಅಂಚು ಅದರದು. ಬರ್ಟೋಯಾ ಕುರ್ಚಿಗಳಿಗೂ ಮೊದಮೊದಲು ಅಂಥದೇ ಜೋಡಿ ಅಂಚಿತ್ತು. ಹರ್ಮನ್ ಮಿಲ್ಲರ್ ಆಕ್ಷೇಪಿಸಿ ಗೆದ್ದಿತು. ಬರ್ಟೋಯಾ ಅಂಚನ್ನು ಬದಲಿಸಿ, ದಪ್ಪನೆಯ ಒಂದೇ ಸರಳನ್ನು ಸುತ್ತ ಹಾಯಿಸಿ, ಒಳಗಿನ ಸರಳುಗಳ ತುದಿಯನ್ನು ಓರೆಯಾಗಿ ಉಜ್ಜಿ ಅದಕ್ಕೆ ಬೆಸೆದರು. ಹೊಸ ಅಂಚು ಹಳೆಯದಕ್ಕಿಂತ ಚೆನ್ನಾಗಿದೆ, ತೊಡೆಗೆ ಬಟ್ಟೆಗೆ ತಗಲುವುದಿಲ್ಲ. ಸಂಗ್ರಹಕಾರರಿಗೆ ಈ ಜಗಳ ಒಂದು ದಿನಾಂಕ ಕೊಟ್ಟಿದೆ: ಜೋಡಿ ಅಂಚಿನ ಡೈಮಂಡ್ ಸಿಕ್ಕಿದರೆ ಅದು ತೀರಾ ಮೊದಲಿನದು. ಎಷ್ಟೋ ಮಾರಾಟಗಾರರಿಗೆ ಇದು ಗೊತ್ತೇ ಇಲ್ಲ.

ಕಾಲಿನ ಚೌಕಟ್ಟಿನ ಮೇಲೆ ನಾಲ್ ಸ್ಟುಡಿಯೋ ಮುದ್ರೆ, ಬರ್ಟೋಯಾ ಸಹಿ ಒತ್ತಿರುವುದನ್ನು ತೋರಿಸಿ 'ಇದು 50ರ ದಶಕದ್ದು' ಅನ್ನುವವರಿದ್ದಾರೆ. ಆ ಮುದ್ರೆ ಇತ್ತೀಚಿನ ತಯಾರಿಕೆಯ ಗುರುತು. ಮುದ್ರೆ ಇರುವ ಕುರ್ಚಿ ಅಸಲಿಯೇ, ಆದರೆ ಹಳೆಯದಲ್ಲ. ಹಳೆಯದರಲ್ಲಿ ಮುದ್ರೆ ಇಲ್ಲ ಅನ್ನುವುದು ದೋಷವೂ ಅಲ್ಲ. ಅಸಿಮೆಟ್ರಿಕ್ ಶೇಸ್ ಎಂಬ ಒರಗುಕುರ್ಚಿಯ ವಿಷಯದಲ್ಲಂತೂ ಇನ್ನೂ ಎಚ್ಚರ ಬೇಕು. ಬರ್ಟೋಯಾ ಅದರ ವಿನ್ಯಾಸವನ್ನು ಉಳಿದ ಕುರ್ಚಿಗಳ ಜೊತೆಗೇ ಮಾಡಿದ್ದರೂ, ನಾಲ್ ಅದನ್ನು ತಯಾರಿಕೆಗೆ ತಂದದ್ದು 2005ರಲ್ಲಿ. ಮಿಷಿಗನ್ನಿನ ವುಡರ್ಡ್ ಕಂಪನಿಗೆ ರಸ್ಸೆಲ್ ವುಡರ್ಡ್ ವಿನ್ಯಾಸ ಮಾಡಿದ ಸ್ಕಲ್ಪ್ಚುರಾ ಎಂಬ ತೋಟದ ಕುರ್ಚಿಗಳನ್ನೂ ಬರ್ಟೋಯಾ ಎಂದು ಮಾರುತ್ತಾರೆ. ಅವುಗಳ ಜಾಲರಿಯ ಕಣ್ಣು ಸಣ್ಣದು, ಒಮ್ಮೆ ಪಕ್ಕಪಕ್ಕ ನೋಡಿದರೆ ಮತ್ತೆ ತಪ್ಪುವುದಿಲ್ಲ. ತಮ್ಮ ಹೆಸರಿನಲ್ಲೇ ಕೊಳ್ಳಲು ಯೋಗ್ಯವಾದ ಕುರ್ಚಿಗಳು ಅವು.

ಇನ್ನು ಮೇಲ್ಮೈ. ಕ್ರೋಮ್ ಅನ್ನುವುದು ಉಕ್ಕಿನ ಮೇಲಿನ ತೀರಾ ತೆಳುವಾದ ಪದರ, ಅದರ ಕೆಳಗೆ ನಿಕ್ಕಲ್. ಆ ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳಿರುತ್ತವೆ. ತೇವ ಅಲ್ಲಿಂದ ಒಳಹೊಕ್ಕು ಉಕ್ಕನ್ನು ತಿಂದು, ತುಕ್ಕನ್ನು ಚುಕ್ಕೆಯಾಗಿ ಹೊರಗೆ ತಳ್ಳುತ್ತದೆ. ಮಂಗಳೂರಿನ ಹಾಗೆ ಉಪ್ಪುಗಾಳಿಯ ಊರಿಗೆ ಇಂಥ ಕುರ್ಚಿ ಸಾಗಿಸುವ ಯೋಚನೆ ಇದ್ದರೆ ಇದನ್ನು ಮರೆಯಬೇಡಿ. ಚುಕ್ಕೆಗಳಿಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ನೀರಿನಲ್ಲಿ ಅದ್ದಿ ಮೆಲ್ಲಗೆ ಉಜ್ಜಿ. ಅಲ್ಯೂಮಿನಿಯಂ ಕ್ರೋಮಿಗಿಂತ ಮೆತ್ತಗಿರುವುದರಿಂದ ಗೀರು ಬೀಳುವುದಿಲ್ಲ, ಮೇಲಿನ ತುಕ್ಕು ಬಿಡುತ್ತದೆ. ಆಮೇಲೆ ಚೆನ್ನಾಗಿ ಒರಸಿ, ಒಣಗಿಸಿ, ತೆಳ್ಳಗೆ ಮೇಣ ಸವರಿ. ಉಕ್ಕಿನ ಉಣ್ಣೆ ಬೇಡವೇ ಬೇಡ. ಕಪ್ಪು ಬಿಳುಪು ಪ್ಲಾಸ್ಟಿಕ್ ಲೇಪದ ಕುರ್ಚಿಗಳ ಕಷ್ಟ ಬೇರೆ: ಲೇಪ ಒಂದು ಕಡೆ ಸೀಳಿದರೂ ನೀರು ಒಳಗೆ ನಿಂತು, ಹೊರಗೆ ಏನೂ ಕಾಣದ ಹಾಗೆ ಸರಳು ಕೊಳೆಯುತ್ತದೆ. ಲೇಪ ಉಬ್ಬಿರುವಲ್ಲಿ ಒತ್ತಿ ನೋಡಿ. ಸೀಟು ಕಾಲಿಗೆ ಕೂಡುವ ಬೋಲ್ಟುಗಳ ಬಳಿಯ ಮೆತ್ತೆಗಳು ವರ್ಷಗಳಲ್ಲಿ ಗಟ್ಟಿಯಾಗಿ ಬಿರಿಯುತ್ತವೆ. ಅವನ್ನು ಬದಲಿಸುವುದರಲ್ಲಿ ಯಾವ ಅಪಚಾರವೂ ಇಲ್ಲ, ಹಳೆಯದನ್ನು ಒಂದು ಪೊಟ್ಟಣದಲ್ಲಿ ಇಟ್ಟುಕೊಳ್ಳಿ ಅಷ್ಟೆ.

ಪೂರ್ತಿ ಕುರ್ಚಿಗೆ ಹೊಸ ಕ್ರೋಮ್ ಹಾಕಿಸಲೇ ಎಂದು ಕೇಳುವವರಿಗೆ ಬಹುತೇಕ ಬೇಡ ಅನ್ನುತ್ತೇನೆ. ಹೊಸ ಕ್ರೋಮ್‌ಗೆ ಮುಂಚೆ ಹಳೆಯದನ್ನು ಕಿತ್ತು, ಉಕ್ಕನ್ನು ಉಜ್ಜಿ ನುಣುಪು ಮಾಡುತ್ತಾರೆ. ಆಗ ಮೊದಲು ಅಳಿಸಿಹೋಗುವುದು ಬೆಸುಗೆಯ ಚಹರೆ, ಅಂಚಿನ ಓರೆ, ಅಂದರೆ ಇಷ್ಟು ಹೊತ್ತು ನಾನು ನೋಡಿ ಎಂದದ್ದೆಲ್ಲ. ಸಹಿ ಇಲ್ಲದ ವಸ್ತುವಿಗೆ ಮೇಲ್ಮೈಯೇ ದಾಖಲೆ. ಹೊಳಪಿಗಾಗಿ ಅದನ್ನು ಕಳೆದುಕೊಂಡರೆ ಮತ್ತೆ ಸಿಗುವುದಿಲ್ಲ.

ಶಿಲ್ಪಗಳ ವಿಷಯದಲ್ಲಿ ಈ ಮಾತು ಇನ್ನೂ ನಿಜ, ಅಪಾಯವೂ ನಮ್ಮ ಮನೆಗಳಲ್ಲೇ ಹೆಚ್ಚು. ಹಿತ್ತಾಳೆ, ತಾಮ್ರ ಕಪ್ಪಗಾದದ್ದು ಕಂಡ ಕೂಡಲೇ ನಮ್ಮ ಕೈ ಹುಣಸೆಹಣ್ಣಿಗೆ ಹೋಗುತ್ತದೆ. ಕೊಳಗಕ್ಕೆ, ದೀಪದ ಕಂಬಕ್ಕೆ ಅದು ಸರಿ. ಹುಣಸೆಯ ಆಮ್ಲ ಕಿಲುಬನ್ನು ಕರಗಿಸುತ್ತದೆ. ಆದರೆ ಬರ್ಟೋಯಾ ಅವರ ಪೊದೆಯಾಕಾರದ ಕಂಚಿನ ಶಿಲ್ಪಗಳ ಮೇಲಿನ ಹಸಿರು ಕಂದು ಛಾಯೆ ಕಿಲುಬು ಅಲ್ಲ, ಅವರೇ ಬೇಕೆಂದು ತಂದ ಬಣ್ಣ. ಬಿದರಿ ಕೆಲಸದ ಹೂಜಿಯನ್ನು ನೆನೆಸಿಕೊಳ್ಳಿ. ಬೀದರ್ ಕೋಟೆಯ ಮಣ್ಣು, ನವಸಾಗರ ಸೇರಿಸಿ ಸತುವಿನ ಮೈಯನ್ನು ಕಪ್ಪು ಮಾಡಿದ ಮೇಲೇ ಬೆಳ್ಳಿಯ ಬಳ್ಳಿ ಕಾಣುವುದು. ಆ ಕಪ್ಪನ್ನು ತಿಕ್ಕಿ ತೆಗೆದರೆ ಉಳಿಯುವುದು ಬಿದರಿ ಅಲ್ಲ. ಇಲ್ಲೂ ಹಾಗೆಯೇ. ಒಮ್ಮೆ ಹುಣಸೆಹಣ್ಣಿನಲ್ಲೋ ಪೀತಾಂಬರಿಯಲ್ಲೋ ತೊಳೆದ ಕಂಚಿನ ಪೊದೆಗೆ ನಾನು ಮತ್ತೆ ಬಣ್ಣ ಕೊಡಬಲ್ಲೆ, ಆದರೆ ಅದು ನನ್ನ ಬಣ್ಣವಾಗುತ್ತದೆ. ಜೆರೆ ಶಿಲ್ಪಗಳ ಹಿತ್ತಾಳೆಯ ಮೇಲೆ ಪಾರದರ್ಶಕ ಲೇಪ ಇರುತ್ತದೆ. ಆಮ್ಲ ಅಲ್ಲಿಯೂ ಕೆಲಸ ಕೆಡಿಸುತ್ತದೆ. ಮೆತ್ತನೆಯ ಕುಂಚದಿಂದ ದೂಳು ಹೊಡೆಯುವುದೇ ಸಾಕು.

ಕೊನೆಯದಾಗಿ ನಾದಶಿಲ್ಪಗಳು, ನನಗೆ ಅತಿ ಪ್ರಿಯವಾದವು. 1960ರ ದಶಕದಿಂದ 1978ರಲ್ಲಿ ತೀರಿಕೊಳ್ಳುವವರೆಗೂ ಬರ್ಟೋಯಾ ಇವುಗಳಲ್ಲೇ ಮುಳುಗಿದ್ದರು. ಒಂದು ಲೋಹದ ಹಲಗೆಯ ಮೇಲೆ ಸಾಲುಸಾಲಾಗಿ ನಿಲ್ಲಿಸಿದ ಕಡ್ಡಿಗಳು. ಅಂಗೈ ಸವರಿದರೆ ಬಾಗಿ, ಒಂದಕ್ಕೊಂದು ತಾಕಿ, ಬಹಳ ಹೊತ್ತು ಗುನುಗುತ್ತವೆ. ಕಡ್ಡಿಯ ಉದ್ದ, ದಪ್ಪ, ಲೋಹ ಬದಲಾದರೆ ಸ್ವರ ಬದಲಾಗುತ್ತದೆ. ಬಾರ್ಟೊ ಎಂಬ ಊರಿನ ತಮ್ಮ ಹಳೆಯ ಕಣಜದ ಕಟ್ಟಡದಲ್ಲಿ ಇವನ್ನು ತುಂಬಿಸಿ, ತಾವೇ ನುಡಿಸಿ ಧ್ವನಿಮುದ್ರಿಸಿ ಸೋನಾಂಬಿಯೆಂಟ್ ಹೆಸರಿನಲ್ಲಿ ಹನ್ನೊಂದು ಎಲ್‌ಪಿ ತಟ್ಟೆಗಳಾಗಿ ಹೊರತಂದರು. ಇವುಗಳ ಬಹಳಷ್ಟು ಕಡ್ಡಿಗಳು ಬೆರಿಲಿಯಂ ಎಂಬ ಲೋಹ ಬೆರೆಸಿದ ತಾಮ್ರದವು. ಮುಟ್ಟುವುದರಿಂದ, ನುಡಿಸುವುದರಿಂದ ಏನೂ ಆಗದು. ಆದರೆ ಉಜ್ಜುಕಾಗದ, ಅರ, ಗ್ರೈಂಡರ್ ತಾಗಿಸಿದರೆ ಏಳುವ ಬೆರಿಲಿಯಂ ದೂಳು ಶ್ವಾಸಕೋಶಕ್ಕೆ ಗುಣವಾಗದ ರೋಗ ತರಬಲ್ಲದು. ಪಾಲಿಶ್ ಅಂಗಡಿಗೂ ಕೊಡಬೇಡಿ, ಅಲ್ಲಿ ಕೆಲಸ ಮಾಡುವವರಿಗೆ ಅದು ಏನೆಂದು ಗೊತ್ತಿರುವುದಿಲ್ಲ. ಸಾಗಿಸುವಾಗ ಕಡ್ಡಿಗಳನ್ನು ಹತ್ತಿಯ ಬಟ್ಟೆಯಲ್ಲಿ ಒಟ್ಟಾಗಿ ಸಡಿಲವಾಗಿ ಕಟ್ಟಿ, ನಿಲ್ಲಿಸಿಯೇ ಒಯ್ಯಬೇಕು. ಒಮ್ಮೆ ಮಡಿಕೆ ಬಿದ್ದ ಕಡ್ಡಿ ನೆಟ್ಟಗಾದರೂ ಮಡಿಕೆಯ ಗುರುತು ಹೋಗುವುದಿಲ್ಲ.

ಇಲ್ಲಿ ಬೆಸುಗೆಯ ಓದು ಒಂದೇ ಸಾಲದು. ಅವರ ಮಗ ವಾಲ್ ಬರ್ಟೋಯಾ ತಂದೆಯ ಜೊತೆ ದುಡಿದು, ಆಮೇಲೆ ಅದೇ ಬಗೆಯ ತಮ್ಮದೇ ನಾದಶಿಲ್ಪಗಳನ್ನು ಮಾಡಿದವರು. ಒಂದೇ ಪರಂಪರೆಯ ಕೈ, ಆದರೆ ಮಾರುಕಟ್ಟೆಯಲ್ಲಿ ಬೆಲೆಯ ಅಂತರ ಬಹಳ. ಹಾಗಾಗಿ ಕಾಗದಪತ್ರ ಬೇಕು: ಮೊದಲು ಕೊಂಡ ಗ್ಯಾಲರಿಯ ರಸೀದಿ, ಹಿಂದಿನ ಮನೆಯಲ್ಲಿ ಶಿಲ್ಪ ಕಾಣುವ ಹಳೆಯ ಕುಟುಂಬದ ಫೋಟೊ, ಪತ್ರ, ಏನಾದರೂ. ಎಸ್ಟೇಟ್ ಸೇಲ್‌ನಲ್ಲಿ ಶಿಲ್ಪ ಇಷ್ಟವಾದರೆ ಅದೇ ಮನೆಯ ಆಲ್ಬಮ್ಮುಗಳನ್ನೂ ಕೇಳಿ ನೋಡಿ. ದೊಡ್ಡ ಹಣದ ಮಾತಾದರೆ ಬರ್ಟೋಯಾ ಪ್ರತಿಷ್ಠಾನವನ್ನು ಸಂಪರ್ಕಿಸುವುದು ಲೇಸು, ಅವರ ಕೃತಿಗಳ ಸಮಗ್ರ ಪಟ್ಟಿಯ ಕೆಲಸ ನಡೆದಿದೆ. ಬಾಸ್ಟನ್ ಕಡೆ ಇರುವವರು ಎಂಐಟಿಯ ಪ್ರಾರ್ಥನಾ ಮಂದಿರಕ್ಕೆ ಹೋಗಿ, ವಾಸ್ತುಶಿಲ್ಪಿ ಏರೋ ಸಾರಿನೆನ್ ವಿನ್ಯಾಸ ಮಾಡಿದ ಆ ಕಟ್ಟಡದೊಳಗೆ 1955ರಿಂದ ತೂಗುತ್ತಿರುವ ಬರ್ಟೋಯಾ ಪರದೆಯ ಕೆಳಗೆ ಒಂದರ್ಧ ಗಂಟೆ ಕೂತು ಬನ್ನಿ. ಸಣ್ಣ ಲೋಹದ ತುಣುಕುಗಳು ತಂತಿಗೆ ಹೇಗೆ ಕೂಡಿಕೊಂಡಿವೆ ಎಂದು ಗಮನಿಸಿ. ಮುಂದಿನ ಸಲ ಯಾರಾದರೂ ನಿಮಗೆ ಸಹಿ ತೋರಿಸಿದಾಗ, ಶಿಲ್ಪವನ್ನು ಮಗುಚಿ ಹಿಂದಿನ ಕೂಡುಬಿಂದುಗಳನ್ನು ತೋರಿಸಿ ಎಂದು ಕೇಳುವ ಧೈರ್ಯ ಅಲ್ಲಿಂದ ಬರುತ್ತದೆ.