ಸುಳ್ಳೆಂದು ಗೊತ್ತು, ಆದರೂ ದೀಪ ಆರಿಸಲು ಭಯವೇಕೆ?

ಪ್ರಶ್ನೆ: ನಾವು ಡೊಂಬಿವಲಿಯಲ್ಲಿರುವ ಕನ್ನಡದ ಕುಟುಂಬ. ಕಳೆದ ಶನಿವಾರ ರಾತ್ರಿ ಊಟ ಮುಗಿಸಿ ಮನೆಮಂದಿಯೆಲ್ಲ ‘ಡಾಕ್ಟರ್ ಹೂ’ ಎಂಬ ಇಂಗ್ಲಿಷ್ ಟಿವಿ ಸರಣಿಯ, ಕಲ್ಲಿನ ಪ್ರತಿಮೆಗಳು ಜೀವ ತಳೆದು ಹೆದರಿಸುವ ‘ಬ್ಲಿಂಕ್’ ಎಂಬ ಕಂತನ್ನು ನೋಡಿದೆವು. ಮೈದುನ ಬೇಕೆಂದೇ ಕಿರುಚಿ ಎಲ್ಲರನ್ನೂ ಬೆಚ್ಚಿಬೀಳಿಸುತ್ತಿದ್ದ, ನಾನಂತೂ ನಗುತ್ತಲೇ ಇದ್ದೆ. ಆದರೆ ಸೋಮವಾರ ಕಚೇರಿಗೆ ಹೋಗುವಾಗ ಫ್ಲೋರಾ ಫೌಂಟನ್ ಮೇಲಿನ ಕಲ್ಲಿನ ಹೆಂಗಸನ್ನು ಎರಡೆರಡು ಬಾರಿ ತಿರುಗಿ ನೋಡಿದೆ. ಏಳು ವರ್ಷದ ಮಗ ರಾತ್ರಿ ದೀಪ ಆರಿಸಲು ಬಿಡುತ್ತಿಲ್ಲ. ಎಲ್ಲವೂ ಕಟ್ಟುಕತೆ ಎಂದು ತಿಳಿದಿದ್ದೂ ಹೆದರುವುದೇಕೆ?

ಉತ್ತರ: ಮೊದಲು ನನ್ನದೊಂದು ಅವಮಾನದ ಕತೆ ಹೇಳಿಬಿಡುತ್ತೇನೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳು ಮುಂಬಯಿಗೆ ಬರುವುದು ನಿಮಗೂ ಗೊತ್ತಿರುತ್ತದೆ. ನನಗೆ ಎಂಟು ವರ್ಷವಿದ್ದಾಗ ಮಾಟುಂಗದಲ್ಲಿ ಅಂಥ ಒಂದು ಆಟಕ್ಕೆ ಅಪ್ಪ ಕರೆದೊಯ್ದಿದ್ದರು. ಆಟಕ್ಕೆ ಮುಂಚೆ ವೇಷ ಕಟ್ಟುವ ಚೌಕಿಗೂ ಹೋಗಿದ್ದೆವು. ರಾಕ್ಷಸನ ಪಾತ್ರಧಾರಿ ಮುಖಕ್ಕೆ ಚುಟ್ಟಿ ಇಟ್ಟುಕೊಳ್ಳುತ್ತ, ನಡುವೆ ಚಹಾ ಕುಡಿಯುತ್ತ, ನನ್ನ ಶಾಲೆಯ ಹೆಸರು ಕೇಳಿದ್ದರು. ಇಷ್ಟೆಲ್ಲ ಆದ ಮೇಲೂ ರಂಗದಲ್ಲಿ ಇಬ್ಬರು ತೆರೆ ಹಿಡಿದು ನಿಂತು, ಅದರ ಹಿಂದಿನಿಂದ ಆರ್ಭಟ ಕೇಳಿ, ತೆರೆಯ ಮೇಲಂಚಿನಲ್ಲಿ ಕಿರೀಟದ ತುದಿ ಕಂಡಾಗ ನಾನು ಅಪ್ಪನ ಅಂಗಿಯೊಳಗೆ ಮುಖ ತೂರಿಸಿದ್ದೆ. ತೆರೆ ಸರಿದು ವೇಷ ಪೂರ್ತಿ ಕಂಡ ಮೇಲೆ ಭಯ ಅರ್ಧ ಇಳಿದಿತ್ತು.

ನಿಮ್ಮ ಪ್ರಶ್ನೆಯ ಉತ್ತರ ಬಹುಪಾಲು ಆ ತೆರೆಯಲ್ಲಿದೆ.

ಮಿದುಳಿನ ಮಾತನ್ನು ಬೇಗ ಮುಗಿಸೋಣ. ಕಿವಿಯ ಹತ್ತಿರ, ಮಿದುಳಿನ ಒಳಭಾಗದಲ್ಲಿ, ಬಾದಾಮಿಯ ಆಕಾರದ ಅಮಿಗ್ಡಲಾ ಇದೆ. ಅಪಾಯದ ಸುಳಿವು ಸಿಕ್ಕರೆ ಕರೆಗಂಟೆ ಬಾರಿಸುವುದರಲ್ಲಿ ಅದರ ಪಾತ್ರ ದೊಡ್ಡದು. ಜೋಸೆಫ್ ಲೆಡೂ ಎಂಬ ನರವಿಜ್ಞಾನಿ ಇಲಿಗಳ ಮೇಲೆ ನಡೆಸಿದ ಪ್ರಯೋಗಗಳು ತೋರಿಸಿದಂತೆ, ವಿವರವಾಗಿ ಪರಿಶೀಲಿಸುವ ಭಾಗಕ್ಕೆ ಸುದ್ದಿ ತಲುಪುವ ಮೊದಲೇ ಒರಟಾದ ಒಂದು ಸುದ್ದಿ ಅಡ್ಡದಾರಿಯಿಂದ ಅಲ್ಲಿಗೆ ಹೋಗಬಲ್ಲದು. ‘ಇದು ಟಿವಿ’ ಎಂಬ ತಿಳಿವಳಿಕೆ ಬರುವಷ್ಟರಲ್ಲಿ ಎದೆಬಡಿತ ಏರಿರುತ್ತದೆ, ಅಂಗೈ ಬೆವರಿರುತ್ತದೆ. ಕತ್ತಲಲ್ಲಿ ಹಗ್ಗವನ್ನು ಹಾವೆಂದು ತಿಳಿದು ಹಾರಿದವನು ಹಗ್ಗವೆಂದು ಕಂಡ ಮೇಲೂ ಒಂದಷ್ಟು ಹೊತ್ತು ಏದುಸಿರು ಬಿಡುವುದು ಇದರಿಂದಲೇ. ಭಯವಾದಾಗ ರಕ್ತಕ್ಕೆ ಸೇರುವ ಅಡ್ರಿನಲಿನ್ ಎಂಬ ಹಾರ್ಮೋನು ಒಮ್ಮೆ ಏರಿದರೆ ತಕ್ಷಣ ಇಳಿಯುವುದಿಲ್ಲ. ಆ ಉದ್ವೇಗ ನಗುವಾಗಿಯೂ ಹೊರಬರುತ್ತದೆ. ನೀವು ಅಷ್ಟೊಂದು ನಕ್ಕಿದ್ದು ಧೈರ್ಯವಿದ್ದುದರಿಂದಲೇ ಎಂದು ನಾನು ಒಪ್ಪಲಾರೆ, ಕ್ಷಮಿಸಿ.

ಆದರೆ ಇದು ಶನಿವಾರದ ಭಯಕ್ಕೆ ಕಾರಣ. ಸೋಮವಾರದ ಭಯಕ್ಕೆ ಆ ಕಂತನ್ನು ಕಟ್ಟಿದ ಬಗೆಯನ್ನೇ ನೋಡಬೇಕು.

‘ಡಾಕ್ಟರ್ ಹೂ’ 1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಶುರುವಾದ ಸರಣಿ. ಮಕ್ಕಳು ಸೋಫಾದ ಹಿಂದೆ ಅಡಗಿ ಇದನ್ನು ನೋಡುತ್ತಾರೆ ಎಂಬುದು ಬ್ರಿಟನ್ನಿನಲ್ಲಿ ನಾಣ್ಣುಡಿಯಂತಾಗಿದೆ. ಸ್ಟೀವನ್ ಮೊಫಾಟ್ ಬರೆದ ‘ಬ್ಲಿಂಕ್’ ಪ್ರಸಾರವಾದದ್ದು 2007ರ ಜೂನ್ 9ರಂದು; ಮರುವರ್ಷ ಅದಕ್ಕೆ ವೈಜ್ಞಾನಿಕ ಕತೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಅದರಲ್ಲಿ ರಕ್ತವಿಲ್ಲ. ಕಲ್ಲಿನ ದೇವದೂತೆಯರು ಯಾರನ್ನೂ ಹರಿದು ತಿನ್ನುವುದೂ ಇಲ್ಲ, ಮುಟ್ಟಿ ಹಿಂದಿನ ಕಾಲಕ್ಕೆ ತಳ್ಳಿಬಿಡುತ್ತಾರೆ, ಅಷ್ಟೇ. ನಾಯಕಿಯ ಗೆಳತಿ 1920ಕ್ಕೆ ಹೋಗಿ ಬೀಳುತ್ತಾಳೆ, ಮದುವೆಯಾಗುತ್ತಾಳೆ, ಅಲ್ಲೇ ಬಾಳಿ ಮುಗಿಸುತ್ತಾಳೆ. ನೀವು ನೋಡುತ್ತಿರುವವರೆಗೆ ಅವರು ಕಲ್ಲು, ರೆಪ್ಪೆ ಬಡಿದರೆ ಹತ್ತಿರ. ಇಡೀ ಕಂತಿನಲ್ಲಿ ಒಮ್ಮೆಯೂ ಅವರು ನಮ್ಮ ಕಣ್ಣೆದುರು ಚಲಿಸುವುದಿಲ್ಲ. ಒಂದು ಚಿತ್ರದಲ್ಲಿ ಮುಖ ಮುಚ್ಚಿಕೊಂಡಿರುತ್ತಾರೆ, ಮುಂದಿನದರಲ್ಲಿ ಕೈ ಚಾಚಿರುತ್ತಾರೆ. ನಡುವಿನ ನಡಿಗೆಯನ್ನು ನಡೆಸಿದವರು ನೀವೇ.

ಮಾಟುಂಗದ ತೆರೆಯನ್ನು ಇಬ್ಬರು ಹಿಡಿದಿದ್ದರು. ಇಲ್ಲಿ ನಿಮ್ಮ ರೆಪ್ಪೆಯೇ ತೆರೆ.

ನಾವು ಸಾಮಾನ್ಯವಾಗಿ ನಿಮಿಷಕ್ಕೆ 15ರಿಂದ 20 ಬಾರಿ ಕಣ್ಣು ಮಿಟುಕಿಸುತ್ತೇವೆ. ಪ್ರತಿಬಾರಿ ಕ್ಷಣಕಾಲ ಕತ್ತಲಾದರೂ ಮಿದುಳು ಆ ಕತ್ತಲನ್ನು ನಮ್ಮ ಗಮನಕ್ಕೆ ತರುವುದಿಲ್ಲ. ತರದೇ ಬಿಟ್ಟದ್ದನ್ನು ಈ ಕಂತು ಬೆರಳಿಟ್ಟು ತೋರಿಸುತ್ತದೆ. ಭೂತಬಂಗಲೆಯ ಕತೆ ನೋಡಿದರೆ ಬಂಗಲೆಗೆ ಹೋಗದಿದ್ದರಾಯಿತು. ರೆಪ್ಪೆಯನ್ನು ಮನೆಯಲ್ಲಿ ಬಿಟ್ಟು ಲೋಕಲ್ ರೈಲು ಹತ್ತಲು ಸಾಧ್ಯವೇ? ಮೇಲಾಗಿ ಕಂತಿನ ಕೊನೆಗೆ ಬೀದಿಬದಿಯ, ಕಟ್ಟಡಗಳ ಮೇಲಿನ ಮಾಮೂಲಿ ಪ್ರತಿಮೆಗಳನ್ನೇ ಒಂದರ ಹಿಂದೊಂದು ತೋರಿಸುತ್ತಾರೆ. ಅದೇ ಬ್ರಿಟಿಷರು ಕಟ್ಟಿಸಿದ ಫೋರ್ಟ್ ಪ್ರದೇಶದಲ್ಲಿ ನಿಮ್ಮ ಕಚೇರಿ! ಸಿಎಸ್ಎಂಟಿ ರೈಲು ನಿಲ್ದಾಣದ ಗೋಡೆಗಳಿಂದ ಕಲ್ಲಿನ ಪ್ರಾಣಿಗಳು ಇಣುಕುತ್ತವೆ, ಗುಮ್ಮಟದ ಮೇಲೆ ಒಬ್ಬಳು ನಿಂತಿದ್ದಾಳೆ, ಹುತಾತ್ಮ ಚೌಕಕ್ಕೆ ಬಂದರೆ 1864ರಿಂದ ಫ್ಲೋರಾ ಕಾದಿದ್ದಾಳೆ. ನೀವು ಎರಡೇ ಬಾರಿ ತಿರುಗಿ ನೋಡಿದ್ದು ನನ್ನ ಲೆಕ್ಕದಲ್ಲಿ ಕಡಿಮೆ.

ನೋಡಿದರೆ ನಿಂತುಬಿಡುವುದು ಎಂಬ ಕಲ್ಪನೆಗೆ ಭೌತವಿಜ್ಞಾನದಲ್ಲಿ ಒಬ್ಬ ದೂರದ ನೆಂಟನಿದ್ದಾನೆ, ಆ ನೆಂಟನಿಗೂ ಮುಂಬಯಿಗೂ ಸಂಬಂಧವಿದೆ. ಕೇರಳದಲ್ಲಿ ಹುಟ್ಟಿ, ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಕೆಲಸ ಮಾಡಿ, ಮುಂದೆ ಅಮೆರಿಕಕ್ಕೆ ಹೋದ ಇ.ಸಿ.ಜಿ. ಸುದರ್ಶನ್ ಅವರು ಬೈದ್ಯನಾಥ ಮಿಶ್ರಾ ಅವರೊಡನೆ 1977ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಪರಮಾಣುವಿನಂಥ ಅತಿ ಸೂಕ್ಷ್ಮವಾದ ಕ್ವಾಂಟಮ್ ವ್ಯವಸ್ಥೆಯನ್ನು ಬಿಡದೆ ಮತ್ತೆ ಮತ್ತೆ ಅಳೆಯುತ್ತಿದ್ದರೆ ಅದು ಇದ್ದ ಸ್ಥಿತಿಯಲ್ಲೇ ಉಳಿದುಬಿಡುತ್ತದೆ ಎಂಬುದು ಅದರ ತಿರುಳು. ಚಲನೆಯೇ ಭ್ರಮೆ ಎಂದು ವಾದಿಸಿದ ಪ್ರಾಚೀನ ಗ್ರೀಸಿನ ಜೀನೋ ಎಂಬ ತತ್ತ್ವಜ್ಞಾನಿಯ ಹೆಸರನ್ನು ಅದಕ್ಕಿಟ್ಟರು. 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಬೆರಿಲಿಯಮ್ ಅಯಾನುಗಳ (ವಿದ್ಯುದಾವೇಶವಿರುವ ಪರಮಾಣುಗಳ) ಮೇಲೆ ಇದನ್ನು ಪ್ರಯೋಗದಲ್ಲೇ ತೋರಿಸಿದರು. ಅಲ್ಲಿ ‘ನೋಡುವುದು’ ಎಂದರೆ ಬೆಳಕು ಹಾಯಿಸಿ ಅಳೆಯುವುದು, ಕಣ್ಣಿಗೂ ರೆಪ್ಪೆಗೂ ಅಲ್ಲಿ ಕೆಲಸವಿಲ್ಲ; ಪ್ರತಿಮೆಯಷ್ಟು ದೊಡ್ಡ ವಸ್ತುವಿಗೆ ಇದು ಅನ್ವಯಿಸುವುದೂ ಇಲ್ಲ. ಮೈದುನನಿಗೆ ಹೇಳಿ, ಕಿರುಚುವುದನ್ನು ಬಿಟ್ಟು ಒಂದಿಷ್ಟು ಓದಲಿ.

ಇನ್ನು ಮಗ. ‘ಅದೆಲ್ಲ ಸುಳ್ಳು ಕಣೋ’ ಎಂದು ನೂರು ಸಲ ಹೇಳಿರುತ್ತೀರಿ. ಚಿಕ್ಕ ಮಕ್ಕಳಿಗೆ ವಿವರಣೆಗಿಂತ ಪಕ್ಕದಲ್ಲಿ ಒಬ್ಬರಿರುವುದು, ಹೊದಿಕೆ, ಸಣ್ಣ ದೀಪ ಇವೇ ಹೆಚ್ಚು ಧೈರ್ಯ ಕೊಡುತ್ತವೆ. ವಿವರಣೆ ಕೆಲಸಕ್ಕೆ ಬರುವುದು ಇನ್ನಷ್ಟು ದೊಡ್ಡವರಾದ ಮೇಲೆ, ಏಳು ವರ್ಷ ಇವೆರಡರ ಹೊಸ್ತಿಲು. ಹಾಗಾಗಿ ಕೆಲವು ದಿನ ದೀಪ ಇರಲಿ, ಅದಕ್ಕೆ ನಾಚಿಕೆಪಡಿಸಬೇಡಿ. ಆ ದೇವದೂತೆಯರು ಬಣ್ಣ ಬಳಿದುಕೊಂಡು ಉಸಿರು ಬಿಗಿಹಿಡಿದು ನಿಂತ ನಟಿಯರು ಎಂದೂ ಹೇಳಿ. ಅವರು ಮುಖ ಮುಚ್ಚಿಕೊಳ್ಳುವುದು ಒಬ್ಬರನ್ನೊಬ್ಬರು ನೋಡಿದರೆ ತಾವೇ ಕಲ್ಲಾಗಿ ಉಳಿಯುತ್ತೇವೆಂಬ ಹೆದರಿಕೆಯಿಂದ. ಕೊನೆಗೆ ನಾಲ್ವರೂ ಸಿಕ್ಕಿಬೀಳುವುದು ಹಾಗೆಯೇ. ಹೆದರಿಸುವವರಿಗೂ ಹೆದರಿಕೆ ಇದೆಯೆಂಬುದು ಮಕ್ಕಳಿಗೆ ತುಂಬ ಹಿಡಿಸುತ್ತದೆ.

ಆಮೇಲೆ ಒಂದು ಸಂಜೆ ಅವನನ್ನೇ ಕಲ್ಲಾಗಿಸಿ. ನೀವು ಗೋಡೆಗೆ ಮುಖ ಮಾಡಿ ಎಣಿಸಿ, ಅವನು ಹಿಂದಿನಿಂದ ಹೆಜ್ಜೆ ಹೆಜ್ಜೆಯಾಗಿ ಬರಲಿ, ನೀವು ತಿರುಗಿದಾಗ ಅಲುಗಾಡದೆ ನಿಲ್ಲಲಿ. ನಿಮ್ಮ ಬೆನ್ನು ಮುಟ್ಟಿದಾಗ ಜೋರಾಗಿ ಕಿರುಚಿ. ಆ ಕೆಲಸಕ್ಕೆ ಮೈದುನನೂ ಆಗಬಹುದು.